ವಿಜಯಪುರದ ರೈತರ ಮನೆಯಿಂದ ಸ್ಟೆಲೆನ್‌ಬಾಶ್‌ಗೆ: ಕಾಗದ ಪತ್ರ, ಕಾಯುವಿಕೆ, ಮೊದಲ ವರ್ಷ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರದ ಸ್ಟೆಲೆನ್‌ಬಾಶ್‌ನಲ್ಲಿ ನನ್ನ ಓದಿನ ಮೊದಲ ವರ್ಷ ಮುಗಿಯಿತು. ಹೊರಡುವ ಮೊದಲು ಈ ಊರಿನ ಬಗ್ಗೆ ನನಗೆ ಓದಲು ಸಿಕ್ಕಿದ್ದೆಲ್ಲ ಯುರೋಪ್, ಅಮೆರಿಕದಿಂದ ಒಂದು ಸೆಮಿಸ್ಟರ್‌ಗೆ ಬಂದುಹೋದವರು ಬರೆದದ್ದು. ಬೆಟ್ಟ ಚೆನ್ನಾಗಿದೆ, ಕಾಫಿ ಚೆನ್ನಾಗಿದೆ ಅಂತ ಇತ್ತು. ಸಂಬಳದ ಸ್ಲಿಪ್ ಇಲ್ಲದ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಇಲ್ಲದ ಮನೆಯ ಮಕ್ಕಳು ವೀಸಾಕ್ಕೆ ಏನು ತೋರಿಸಬೇಕು ಅಂತ ಯಾರೂ ಬರೆದಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ತೋಟ. ನಾನು ಓದಿದ್ದು ತೋಟಗಾರಿಕೆ ಬಿ.ಎಸ್ಸಿ. ದಕ್ಷಿಣ ಆಫ್ರಿಕಾ ಯಾಕೆ ಅಂತ ಎಲ್ಲರೂ ಕೇಳಿದರು. ನನಗೆ ದ್ರಾಕ್ಷಿಯನ್ನೇ ಓದಬೇಕಿತ್ತು. ಸ್ಟೆಲೆನ್‌ಬಾಶ್ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಬೆಳೆಗೆಂದೇ ಒಂದು ವಿಭಾಗ ಇದೆ, ನೂರು ವರ್ಷಕ್ಕೂ ಹಳೆಯದು. ಅಲ್ಲಿನ ಮೊದಲ ಪ್ರೊಫೆಸರ್ ಅಬ್ರಹಾಂ ಪೆರೋಲ್ಡ್ 1925ರಲ್ಲಿ ಎರಡು ತಳಿ ಕೂಡಿಸಿ ಪಿನೋಟಾಜ್ ಎಂಬ ಹೊಸ ದ್ರಾಕ್ಷಿ ಮಾಡಿದರು. ಸಿಕ್ಕಿದ್ದು ನಾಲ್ಕೇ ಬೀಜ. ಅವನ್ನು ವೆಲ್‌ಗೆವಾಲನ್ ಎಂಬ ಪ್ರಯೋಗ ತೋಟದಲ್ಲಿದ್ದ ತಮ್ಮ ಮನೆಯ ಹಿತ್ತಲಲ್ಲಿ ಹಾಕಿದ್ದರು. ಅವರು ಕೆಲಸ ಬಿಟ್ಟು ಹೋದ ಮೇಲೆ ಹಿತ್ತಲು ಹಾಳುಬಿದ್ದು, ಸ್ವಚ್ಛ ಮಾಡಲು ಬಂದವರು ಆ ಗಿಡಗಳನ್ನೂ ಕಿತ್ತು ಹಾಕುವವರಿದ್ದರು. ಗೊತ್ತಿದ್ದ ಒಬ್ಬರು ಕಂಡು ಉಳಿಸಿದರು. ಈಗ ನಾನು ಅದೇ ವೆಲ್‌ಗೆವಾಲನ್‌ನಲ್ಲಿ ಕೆಲಸ ಮಾಡುತ್ತೇನೆ. ಯಾಕೆ ಅಲ್ಲಿಗೆ ಎಂದು ಕೇಳಿದವರಿಗೆಲ್ಲ ಈ ಕಥೆ ಹೇಳಿದ್ದೇನೆ.

ಮೊದಲು ಕ್ಯಾಲೆಂಡರ್ ವಿಷಯ. ಇಲ್ಲಿ ಕಾಲೇಜು ವರ್ಷ ಶುರುವಾಗೋದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ, ಮುಗಿಯೋದು ನವೆಂಬರ್-ಡಿಸೆಂಬರ್‌ನಲ್ಲಿ. ನಮ್ಮ ಪದವಿ ಮುಗಿಯೋದು ಜೂನ್-ಜುಲೈಗೆ. ನಡುವೆ ಆರೇಳು ತಿಂಗಳು ಖಾಲಿ ಅಂತ ಅನ್ನಿಸುತ್ತದೆ. ಖಾಲಿ ಇಲ್ಲ, ಅದೇ ಕಾಗದ ಪತ್ರಕ್ಕೆ ಇರುವ ಸಮಯ, ಅದೂ ಸಾಲದು. ಸಂಶೋಧನೆ ಮಾಡುವ ಎಂ.ಎಸ್ಸಿ ಆದರೆ ಅರ್ಜಿಗೂ ಮೊದಲು ಒಬ್ಬ ಗೈಡ್ ಒಪ್ಪಬೇಕು. ನಾನು ಪದವಿಯ ಕೊನೆ ವರ್ಷದಲ್ಲೇ ಮೇಲ್ ಬರೆಯಲು ಶುರು ಮಾಡಿದೆ. ಕೆಲವರು ಉತ್ತರಿಸಲಿಲ್ಲ, ಕೆಲವರು ಜಾಗ ಇಲ್ಲ ಎಂದರು. ಉತ್ತರ ಬಂದದ್ದು ನಮ್ಮ ತೋಟದ ನಿಜವಾದ ಸಮಸ್ಯೆ ಬರೆದಾಗ. ನಮ್ಮಲ್ಲಿ ಅಕ್ಟೋಬರ್ ಚಾಟನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಚಿಗುರಿನ ಕಣ್ಣು ಒಂದೇ ಸಮ ಒಡೆಯುವುದಿಲ್ಲ, ಒಂದು ಕಡ್ಡಿಯಲ್ಲಿ ಚಿಗುರು ಗೇಣುದ್ದ ಬಂದರೆ ಪಕ್ಕದ್ದು ಇನ್ನೂ ಮಲಗಿರುತ್ತದೆ, ಅದಕ್ಕೆ ಔಷಧ ಹಚ್ಚುತ್ತೇವೆ, ಇದು ಯಾಕೆ ಹೀಗೆ ಎಂದು ತಿಳಿಯಬೇಕು ಅಂತ ಬರೆದಿದ್ದೆ. ಚಳಿಗಾಲ ಬೆಚ್ಚಗಾದ ವರ್ಷ ಇಲ್ಲಿಯೂ ಇದೇ ತೊಂದರೆ. ಆದ್ದರಿಂದ ಮೇಲ್ ಬರೆಯುವವರು ಅಂಕ, ಬಹುಮಾನಗಳ ಪಟ್ಟಿ ಹಾಕುವುದಕ್ಕಿಂತ ನಿಮಗೆ ಗೊತ್ತಿರುವ ಒಂದು ಬೆಳೆ, ಒಂದು ತೊಂದರೆ ಬರೆಯಿರಿ.

ಪ್ರವೇಶ ಪತ್ರ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದರು. ಮರುದಿನದಿಂದ ಓಡಾಟ.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ನನ್ನ ಹೆಸರು, ಆಮೇಲೆ ಅಪ್ಪನದು. ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರು ಮೊದಲು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಇಲ್ಲ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರಿಗೆ ಇನಿಷಿಯಲ್ ಮಾತ್ರ, ಪಹಣಿಯಲ್ಲಿ ಅಜ್ಜನ ಹೆಸರೂ ಸೇರಿ ಪೂರ್ತಿ. ಊರಲ್ಲಿ ಇದು ಯಾರಿಗೂ ತೊಂದರೆ ಅಲ್ಲ, ಎಲ್ಲರಿಗೂ ಗೊತ್ತು ಯಾರು ಯಾರೆಂದು. ಪರದೇಶದ ಕಚೇರಿಯಲ್ಲಿ ಕೂತವರಿಗೆ ಇವರು ನಾಲ್ಕು ಬೇರೆ ಬೇರೆ ಜನ. ಹಾಗಾಗಿ ಎಲ್ಲ ರೂಪಗಳನ್ನೂ ಬರೆದು "ಇವರೆಲ್ಲ ಒಬ್ಬರೇ" ಎಂದು ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದೆವು. ನನಗೊಂದು, ಅಪ್ಪನಿಗೊಂದು. ಇದನ್ನು ಕೇಳುವ ಮೊದಲೇ ಮಾಡಿಸಿಡಿ. ಖರ್ಚು ಕಡಿಮೆ, ಆದರೆ ಇದಿಲ್ಲದೆ ಮುಂದಿನ ಪ್ರತಿಯೊಂದು ಕಾಗದವೂ ನಿಲ್ಲುತ್ತದೆ.

ಎರಡನೆಯದು ಹಣ ತೋರಿಸುವುದು. ಇದೇ ನಮ್ಮಂಥವರಿಗೆ ನಿಜವಾದ ಪರೀಕ್ಷೆ. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅಪ್ಪ ಎಂದೂ ರಿಟರ್ನ್ ಸಲ್ಲಿಸಿಲ್ಲ. ದ್ರಾಕ್ಷಿ ಫೆಬ್ರವರಿ-ಮಾರ್ಚ್‌ಗೆ ಬರುತ್ತದೆ, ಮಣೂಕ (ಒಣದ್ರಾಕ್ಷಿ) ಮಾಡಿ ಕೋಲ್ಡ್ ಸ್ಟೋರೇಜ್‌ಗೆ ಹಾಕುತ್ತೇವೆ, ದರ ನೋಡಿ ಮಾರುತ್ತೇವೆ. ಕೆಲವು ಸಲ ವಿಜಯಪುರದಲ್ಲೇ, ಕೆಲವು ಸಲ ಮಹಾರಾಷ್ಟ್ರದ ತಾಸಗಾಂವ್‌ಗೆ ಹೋಗಿ. ಬ್ಯಾಂಕ್ ಖಾತೆ ನೋಡಿದರೆ ತಿಂಗಳುಗಟ್ಟಲೆ ಏನೂ ಇಲ್ಲ, ಆಮೇಲೆ ಒಂದೇ ದಿನ ದೊಡ್ಡ ಮೊತ್ತ. ಸಂಬಳದವರ ಖಾತೆಯನ್ನೇ ನೋಡಿ ಅಭ್ಯಾಸ ಇರುವವರಿಗೆ ಇದು ವೀಸಾಕ್ಕಾಗಿ ಯಾರಿಂದಲೋ ತಂದು ಹಾಕಿದ ದುಡ್ಡಿನಂತೆ ಕಾಣುತ್ತದೆ. ಒಬ್ಬ ಏಜೆಂಟ್ ನೇರವಾಗಿ ಹಾಗೇ ಹೇಳಿದರು. ವರ್ಷವಿಡೀ ಬಿಸಿಲಲ್ಲಿ ನಿಂತು ದುಡಿದ ಹಣಕ್ಕೆ ಇಂಥ ಮಾತು ಕೇಳಿ ಅಪ್ಪ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ನನಗೆ ಅಲ್ಲೇ ಬಿಟ್ಟುಬಿಡೋಣ ಅನ್ನಿಸಿತ್ತು.

ಆಮೇಲೆ ನಾವು ಮಾಡಿದ್ದು ಇದು. ಪಹಣಿ ತೆಗೆಸಿದೆವು, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿದೆವು. ಮಣೂಕ ಮಾರಿದ ಪಟ್ಟಿಗಳು (ಬಿಲ್ಲುಗಳು), ಕೋಲ್ಡ್ ಸ್ಟೋರೇಜ್ ರಸೀದಿಗಳು, ಹಿಂದಿನ ಮೂರು ಹಂಗಾಮಿನವು ಸಿಕ್ಕಷ್ಟು ಹುಡುಕಿದೆವು. ಪುಣ್ಯಕ್ಕೆ ಅವ್ವ ಎಲ್ಲವನ್ನೂ ಟ್ರಂಕಿನಲ್ಲಿ ಇಟ್ಟಿದ್ದಳು. ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಇವನ್ನೆಲ್ಲ ನೋಡಿ ಮನೆಯ ಆಸ್ತಿ, ಆದಾಯದ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ಕನ್ನಡ, ಮರಾಠಿ ಕಾಗದಗಳನ್ನು ಇಂಗ್ಲಿಷ್‌ಗೆ ಅನುವಾದ ಮಾಡಿಸಿ ನೋಟರಿ ಮಾಡಿಸಿದೆವು. ಕೊನೆಗೆ ನಾನೇ ಒಂದು ಪುಟದ ಪತ್ರ ಬರೆದೆ: ದ್ರಾಕ್ಷಿಯಲ್ಲಿ ಹಣ ಯಾವ ತಿಂಗಳು ಬರುತ್ತದೆ, ಯಾಕೆ ಒಂದೇ ಸಲ ಬರುತ್ತದೆ, ಖಾತೆಯ ಯಾವ ಜಮೆಗೆ ಯಾವ ಪಟ್ಟಿ. ಈ ಪತ್ರ ಯಾರೂ ಕೇಳುವುದಿಲ್ಲ, ವೀಸಾಕ್ಕೆ ಬೇಕಾದ ಕಾಗದಗಳ ಪಟ್ಟಿಯಲ್ಲಿ ಇರುವುದಿಲ್ಲ. ಆದರೂ ಹಾಕಿ. ನನ್ನ ನಂಬಿಕೆ, ನಮ್ಮ ಅರ್ಜಿಯಲ್ಲಿ ಹಣದ ಬಗ್ಗೆ ಮರುಪ್ರಶ್ನೆ ಬರದಿದ್ದಕ್ಕೆ ಅದೇ ಕಾರಣ.

ಜೊತೆಗೆ ಸಾಲದ ಮಂಜೂರಾತಿ ಪತ್ರ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಬ್ಯಾಂಕುಗಳು ಅಡಮಾನ ಕೇಳುತ್ತವೆ. ನಾವು ಹೋದ ಕಡೆ ಹೊಲ ಬೇಡ ಎಂದರು, ಎನ್‌ಎ (ಕೃಷಿಯೇತರ) ಆದ ಸೈಟ್ ಅಥವಾ ಮನೆ ಬೇಕೆಂದರು. ಎಷ್ಟೋ ಎಕರೆ ತೋಟ ಇದ್ದೂ ಕಾಕಾ ಅವರ ಸಣ್ಣ ಸೈಟನ್ನು ಇಡಬೇಕಾಯಿತು. ಅವರು ಒಂದು ಮಾತೂ ಆಡದೆ ಕಾಗದ ತಂದುಕೊಟ್ಟರು. ಬ್ಯಾಂಕುಗಳ ಹತ್ತಿರ ಒಪ್ಪಿಗೆಯಾದ ವಿಶ್ವವಿದ್ಯಾಲಯಗಳ ಪಟ್ಟಿ ಇರುತ್ತದೆ, ದಕ್ಷಿಣ ಆಫ್ರಿಕಾದ ಹೆಸರು ಕೇಳಿದರೆ ಹಲವು ಶಾಖೆಗಳಲ್ಲಿ ತಲೆ ಅಲ್ಲಾಡಿಸುತ್ತಾರೆ. ಒಂದು ಶಾಖೆ ಆಗಲ್ಲ ಎಂದರೆ ಜಿಲ್ಲಾ ಕಚೇರಿಗೆ ಹೋಗಿ ಕೇಳಿ, ಸುಮ್ನೆ ವಾಪಸ್ ಬರಬೇಡಿ.

ನಾನು ಅರ್ಜಿ ಹಾಕಿದಾಗ ವೀಸಾ ಫಾರ್ಮ್ ಜೊತೆ ಎರಡು ಆರೋಗ್ಯ ಫಾರ್ಮ್ ಇದ್ದವು. ಒಂದು ಸಾಮಾನ್ಯ ವೈದ್ಯಕೀಯ ವರದಿ, ಇನ್ನೊಂದು ಎದೆಯ ಎಕ್ಸ್‌ರೇ ವರದಿ. ಕ್ಷಯ ಇಲ್ಲ ಎಂದು ತೋರಿಸಲು. ಎರಡೂ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಆದ್ದರಿಂದ ತೀರಾ ಮೊದಲೇ ಮಾಡಿಸಬೇಡಿ. ಆಸ್ಪತ್ರೆಯ ಲೆಟರ್‌ಹೆಡ್ ವರದಿ ನಡೆಯಲ್ಲ, ಅವರದೇ ಫಾರ್ಮ್‌ನಲ್ಲಿ ಬರೆಸಬೇಕು. ನಾನು ಮೊದಲು ಹೋದ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಆ ಫಾರ್ಮ್ ಯಾರೂ ನೋಡಿರಲಿಲ್ಲ, ಸಹಿ ಮಾಡಿ ಕೊಟ್ಟರು, ಮೊಹರು ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಬೆಂಗಳೂರಿಗೆ ಬಂದು ಇನ್ನೊಂದು ಕಡೆ ಮತ್ತೆ ಮಾಡಿಸಿದೆ. ಸಹಿ, ಮೊಹರು, ದಿನಾಂಕ, ಸಂಖ್ಯೆ, ನಾಲ್ಕೂ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ.

ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ತೆಗೆದದ್ದು, 500 ರೂಪಾಯಿ. ಅದು ಸುಲಭ. ನೀವು ಬೇರೆ ದೇಶದಲ್ಲಿ ಒಂದು ವರ್ಷ ಇದ್ದಿದ್ದರೆ ಅಲ್ಲಿಯದೂ ಬೇಕಾಗಬಹುದು.

ಆರೋಗ್ಯ ವಿಮೆಯಲ್ಲಿ ಹಲವರು ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಸಿಗುವ ಟ್ರಾವೆಲ್ ಇನ್ಶೂರೆನ್ಸ್ ಓದುವ ವೀಸಾಕ್ಕೆ ನಡೆಯುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲೇ ನೋಂದಣಿಯಾದ ಮೆಡಿಕಲ್ ಸ್ಕೀಮ್ ಬೇಕು, ವರ್ಷದ ಹಣ ಮುಂಗಡ ಕಟ್ಟಬೇಕು. ವಿದ್ಯಾರ್ಥಿಗಳ ಪ್ಲಾನ್ ನನಗೆ ವರ್ಷಕ್ಕೆ ಆರೇಳು ಸಾವಿರ ರಾಂಡ್ (ಇಲ್ಲಿನ ಹಣ) ಬಿತ್ತು. ಆಗ ಒಂದು ರಾಂಡ್‌ಗೆ ಐದು ರೂಪಾಯಿಗಿಂತ ಸ್ವಲ್ಪ ಕಡಿಮೆ ಇತ್ತು. ಕಟ್ಟುವುದು ಹೇಗೆ ಎನ್ನುವುದೇ ಕಷ್ಟ. ನಮ್ಮ ಊರಿನ ಬ್ಯಾಂಕ್ ಶಾಖೆ ರಾಂಡ್ ಎಂದೂ ಕಳಿಸಿರಲಿಲ್ಲ. ಪ್ಯಾನ್, ಪ್ರವೇಶ ಪತ್ರ, ಇನ್‌ವಾಯ್ಸ್ ಹಿಡಿದು ಜಿಲ್ಲಾ ಕೇಂದ್ರದ ದೊಡ್ಡ ಶಾಖೆಗೆ ಹೋದೆವು. ಹಣ ತಲುಪಿದಾಗ ಮಧ್ಯದ ಬ್ಯಾಂಕ್ ತನ್ನ ಶುಲ್ಕ ಕತ್ತರಿಸಿತ್ತು, ಇಲ್ಲಿ "ಬಾಕಿ ಇದೆ" ಎಂದು ಮೇಲ್ ಬಂತು. ಎಲ್ಲ ಶುಲ್ಕವೂ ಕಳಿಸುವವರ ಮೇಲೆ ಇರಲಿ ಎಂದು ಫಾರ್ಮ್‌ನಲ್ಲೇ ಬರೆಸಿ.

ಇನ್ನೊಂದು ವಿಷಯ. ವರ್ಷಕ್ಕೆ ಒಂದು ಮಿತಿ ದಾಟಿ ಹೊರದೇಶಕ್ಕೆ ಹಣ ಕಳಿಸಿದರೆ ಬ್ಯಾಂಕ್ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ನಾನು ಹೊರಟಾಗ ಮಿತಿ 7 ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ ಆಯಿತು. ಹಿಡಿದ ಹಣ ಹೋಯಿತು ಅಂತಲ್ಲ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ರೈತರು ರಿಟರ್ನ್ ಸಲ್ಲಿಸುವುದಿಲ್ಲವಾದ್ದರಿಂದ ಎಷ್ಟೋ ಜನ ಇದನ್ನು ಬಿಟ್ಟೇಬಿಡುತ್ತಾರೆ. ಬಿಡಬೇಡಿ.

ಮನೆ ಹುಡುಕುವ ಕಥೆ ಕೇಳಿ. ವೀಸಾಕ್ಕೆ ಉಳಿಯುವ ಜಾಗದ ಪತ್ರ ಬೇಕು. ಜಾಗ ಕೊಡುವವರು ವೀಸಾ ಬಂದಿದೆಯಾ ಎಂದು ಕೇಳುತ್ತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ. ಹಾಸ್ಟೆಲ್‌ನಲ್ಲಿ ಹೆಸರು ಕಾಯುವ ಪಟ್ಟಿಯಲ್ಲಿತ್ತು. ಖಾಸಗಿಯಾಗಿ ಒಂದು ಕೋಣೆಗೆ ತಿಂಗಳಿಗೆ 6,000ದಿಂದ 9,000 ರಾಂಡ್ ಕೇಳುತ್ತಿದ್ದರು. ಫೋಟೊ ಕಳಿಸಿ, ಇವತ್ತೇ ಡೆಪಾಸಿಟ್ ಹಾಕಿ ಎಂದು ಅವಸರ ಮಾಡುವವರೂ ಇದ್ದರು. ಅಂಥವರಿಗೆ ದುಡ್ಡು ಹಾಕಬೇಡಿ. ನಾನು ಗೈಡ್‌ಗೆ ಮೇಲ್ ಮಾಡಿದೆ, ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಹೋಗಿ ಕೋಣೆ ನೋಡಿ, ವಿಡಿಯೊ ಮಾಡಿ ಕಳಿಸಿದರು. ಆಮೇಲೆ ಒಪ್ಪಂದ ಪತ್ರ ಮಾಡಿಕೊಂಡೆವು, ವೀಸಾ ಬರದಿದ್ದರೆ ಡೆಪಾಸಿಟ್ ವಾಪಸ್ ಎಂಬ ಸಾಲನ್ನೂ ಸೇರಿಸಿ. ಕೇಳಿದರೆ ಒಪ್ಪುತ್ತಾರೆ.

ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ನಾವೇ ಹೋಗಿ ಬೆರಳಚ್ಚು ಕೊಟ್ಟು, ಕಡತ ಕೊಡಬೇಕು. ದಸರಾ ಮುಗಿಸಿ ಕೊಟ್ಟೆ. ಅಲ್ಲಿಂದ ಕಾಯುವುದು. ದೀಪಾವಳಿ ಆಯಿತು, ತೋಟದಲ್ಲಿ ಚಿಗುರು ಬಂತು, ಹೂ ಆಯಿತು, ಕಾಯಿ ಕಟ್ಟಿತು. ವೆಬ್‌ಸೈಟ್‌ನಲ್ಲಿ ಮಾತ್ರ ದಿನಾ ಅದೇ ಒಂದು ಸಾಲು. ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಇಡೀ ರಜೆಯಲ್ಲಿರುತ್ತದೆ, ಅದು ಅವರ ಬೇಸಿಗೆ, ಕ್ರಿಸ್‌ಮಸ್ ಎರಡೂ ಒಟ್ಟಿಗೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಮೇಲ್‌ಗೆ ಯಾರೂ ಉತ್ತರಿಸುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕಿ. ಊರಲ್ಲಿ ಸಿಕ್ಕವರೆಲ್ಲ "ಇನ್ನೂ ಹೋಗಿಲ್ವಾ" ಅಂತ ಕೇಳೋರು. ನಾನು ತೋಟದ ಕಡೆಯೇ ಜಾಸ್ತಿ ಇರತೊಡಗಿದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಾಕಾನ ಸೈಟ್ ನೆನಪಾಗುತ್ತಿತ್ತು.

ಈ ಸಮಯದಲ್ಲಿ ಮಾಡಬೇಕಾದ ಒಂದೇ ಒಳ್ಳೆಯ ಕೆಲಸ, ತಡವಾಗಿ ನೋಂದಣಿ ಮಾಡಲು ಕೊನೆಯ ದಿನ ಯಾವುದು ಎಂದು ಗೈಡ್ ಮತ್ತು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೆ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳುವುದು. ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ ಎಂದು ಒಬ್ಬಿಬ್ಬರು ಸಲಹೆ ಕೊಟ್ಟರು. ಅದು ಆಗುವುದಿಲ್ಲ, ಓದುವ ವೀಸಾ ಭಾರತದಿಂದಲೇ ಪಡೆದು ಹೋಗಬೇಕು. ಇನ್ನು, ವೀಸಾ ಮೇಲೆ ವಿಶ್ವವಿದ್ಯಾಲಯದ ಹೆಸರು ಇರುತ್ತದೆ, ಬೇರೆ ಕಡೆ ಓದಲು ಅದು ನಡೆಯುವುದಿಲ್ಲ.

ಜನವರಿಯಲ್ಲಿ ಸಂದೇಶ ಬಂತು. ಪಾಸ್‌ಪೋರ್ಟ್ ಕೈಗೆ ಬಂದಾಗ ನೋಡಿದ್ದು ಮೂರು: ಹೆಸರು, ವಿಶ್ವವಿದ್ಯಾಲಯದ ಹೆಸರು, ಮುಗಿಯುವ ದಿನಾಂಕ. ಅಲ್ಲೇ ನಿಂತು ನೋಡಿ. ತಪ್ಪಿದ್ದರೆ ಅಲ್ಲೇ ಹೇಳುವುದು ಸುಲಭ.

ಬೆಂಗಳೂರಿನಿಂದ ಕೇಪ್‌ಟೌನ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ದಾರಿ. ಅಡಿಸ್ ದಾರಿ ನನಗೆ ಅಗ್ಗ ಬಿತ್ತು, ಅರ್ಧ ಲಕ್ಷದ ಆಸುಪಾಸು. ಆದರೆ ಇಥಿಯೋಪಿಯ ಹಳದಿ ಜ್ವರದ ದೇಶ. ಅಲ್ಲಿ 12 ಗಂಟೆಗಿಂತ ಹೆಚ್ಚು ನಿಂತರೆ ಲಸಿಕೆ ಪತ್ರ ಕೇಳುತ್ತಾರೆ. ನನ್ನದು ಕಡಿಮೆ ಹೊತ್ತಿನ ನಿಲುಗಡೆ, ಆದರೂ ವಿಮಾನ ತಪ್ಪಿದರೆ ಕಷ್ಟ ಎಂದು ಹಾಕಿಸಿಕೊಂಡೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ.

ಅವ್ವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಾರಬ್ಯಾಳಿ ಕಟ್ಟಿಕೊಟ್ಟಳು. ಒಣ ಪುಡಿಗಳಿಗೆ ಯಾರೂ ಏನೂ ಕೇಳಲಿಲ್ಲ. ಬೀಜ, ಕಡ್ಡಿ, ಸಸಿ ಮಾತ್ರ ತರಬೇಡಿ, ನಮ್ಮಂಥ ಕೃಷಿ ವಿದ್ಯಾರ್ಥಿಗಳು ಮುಖ್ಯವಾಗಿ. ಪರವಾನಗಿ ಇಲ್ಲದೆ ಗಿಡದ ಯಾವ ತುಂಡೂ ದಾಟುವಂತಿಲ್ಲ.

ಪ್ಲಗ್ ಬಗ್ಗೆ ಯಾರೂ ಹೇಳುವುದಿಲ್ಲ. ಇಲ್ಲಿನ ಹಳೆಯ ಸಾಕೆಟ್‌ಗೆ ನಮ್ಮ ಮನೆಯ ಗೀಸರಿಗೆ ಹಾಕುವ ದಪ್ಪ ಮೂರು ಪಿನ್‌ನ ಪ್ಲಗ್ ಸರಿಯಾಗಿ ಕೂಡುತ್ತದೆ. ಊರಿಂದಲೇ ಅಂಥ ಪ್ಲಗ್ ಇರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಎಲ್ಲ ಚಾರ್ಜರ್‌ಗೂ ಆಯಿತು.

ಕೇಪ್‌ಟೌನ್ ವಿಮಾನ ನಿಲ್ದಾಣದಿಂದ ಸ್ಟೆಲೆನ್‌ಬಾಶ್ ಅರ್ಧ-ಮುಕ್ಕಾಲು ಗಂಟೆ ದಾರಿ. ಇಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಊರು ಹುಟ್ಟಿದ್ದು 1679ರಲ್ಲಿ, ಸೈಮನ್ ವಾನ್ ಡರ್ ಸ್ಟೆಲ್ ಎಂಬ ಡಚ್ ಅಧಿಕಾರಿ ಹೊಳೆ ದಂಡೆಯಲ್ಲಿ ಜಾಗ ನೋಡಿ ತನ್ನ ಹೆಸರಿಟ್ಟ. ಕೇಪ್‌ಟೌನ್ ಬಿಟ್ಟರೆ ದೇಶದಲ್ಲಿ ಯುರೋಪಿನವರು ಕಟ್ಟಿದ ಎರಡನೇ ಹಳೆಯ ಊರು ಇದು. ಬೀದಿ ತುಂಬ ಓಕ್ ಮರ, ಡಾರ್ಪ್ ಸ್ಟ್ರೀಟ್‌ನಲ್ಲಿ ಸುಣ್ಣ ಬಳಿದ ಹಳೆಯ ಮನೆಗಳು, ರಸ್ತೆ ಬದಿಯಲ್ಲಿ ನೀರು ಹರಿಯುವ ಕಾಲುವೆ. ಗ್ರಂಥಾಲಯ ನೆಲದ ಕೆಳಗಿದೆ, ಮೇಲೆ ಚೌಕ. ನೋಡಿದರೆ ಖುಷಿಯಾಗುತ್ತದೆ.

ಆದರೆ ಈ ಚೆಲುವಿನ ಬಗ್ಗೆ ಮಾತ್ರ ಬರೆದರೆ ಅರ್ಧ ಸುಳ್ಳಾಗುತ್ತದೆ. ಕ್ಯಾಂಪಸ್‌ಗೆ ಅಂಟಿಕೊಂಡ ಡೀ ಫ್ಲಾಕ್ಟ ಎಂಬ ಬಡಾವಣೆಯನ್ನು 1964ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿದರು. ಅಲ್ಲಿ ತಲೆಮಾರುಗಳಿಂದ ಇದ್ದ ಕುಟುಂಬಗಳನ್ನು ಐಡಾಸ್ ವ್ಯಾಲಿ, ಕ್ಲೂಟೆಸ್‌ವಿಲ್ ಕಡೆಗೆ ಎಬ್ಬಿಸಿದರು. ಅವರ ಮಕ್ಕಳು ಓದುತ್ತಿದ್ದ ಲುಕ್‌ಹಾಫ್ ಶಾಲೆಯ ಕಟ್ಟಡ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಯಿತು. ತೋಟಗಳಲ್ಲಿ ಕೂಲಿಯವರಿಗೆ ಸಂಬಳದ ಒಂದು ಪಾಲನ್ನು ವೈನ್ ರೂಪದಲ್ಲೇ ಕೊಡುವ ಪದ್ಧತಿ ಬಹಳ ಕಾಲ ಇತ್ತು, ಅದರ ಗಾಯ ಇನ್ನೂ ಮನೆಮನೆಗಳಲ್ಲಿದೆ. ಊರ ಪಕ್ಕದ ಗುಡ್ಡದ ಮೇಲೆ ಕಾಯಮಂಡಿಯ ತಗಡಿನ ಮನೆಗಳು ಕಾಣುತ್ತವೆ. ದ್ರಾಕ್ಷಿ ಕೊಯ್ಯುವ ಹೆಂಗಸರ ಜೊತೆ ಸಾಲಿನಲ್ಲಿ ನಿಂತಾಗ ನಮ್ಮ ತೋಟಕ್ಕೆ ಬರುವವರ ನೆನಪೇ ಬರುತ್ತಿತ್ತು. ಇಲ್ಲಿಗೆ ಓದಲು ಬರುವವರು ಇದನ್ನು ತಿಳಿದು ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನೋಂದಣಿಗೆ ಮೊದಲು ಅಂತರರಾಷ್ಟ್ರೀಯ ಕಚೇರಿಯಲ್ಲಿ ಪಾಸ್‌ಪೋರ್ಟ್, ವೀಸಾ, ಮೆಡಿಕಲ್ ಸ್ಕೀಮ್ ಪತ್ರ ತೋರಿಸಿ ಒಪ್ಪಿಗೆ ಪಡೆಯಬೇಕು. ಸಿಮ್‌ಗೆ ಪಾಸ್‌ಪೋರ್ಟ್ ಜೊತೆ ವಿಳಾಸದ ಪುರಾವೆ ಬೇಕು, ಬ್ಯಾಂಕ್ ಖಾತೆಗೂ ಅದೇ. ಮನೆ ಮಾಲೀಕರಿಂದ ಬಂದ ದಿನವೇ ಸಹಿ ಮಾಡಿದ ಪತ್ರ ತೆಗೆದುಕೊಳ್ಳಿ. ಖಾತೆ ತೆರೆಯುವವರೆಗೆ ಊರಿನ ಫಾರೆಕ್ಸ್ ಕಾರ್ಡ್ ಕೈ ಹಿಡಿಯಿತು.

ನಾನು ಬಂದ ಹೊಸತರಲ್ಲೇ, 2025ರ ಜನವರಿ ಕೊನೆಯಲ್ಲಿ, ಲೋಡ್ ಶೆಡ್ಡಿಂಗ್ ಮತ್ತೆ ಶುರುವಾಯಿತು. ಅದಕ್ಕೆ ಮೊದಲು ಹತ್ತು ತಿಂಗಳು ಇರಲಿಲ್ಲ. ಯಾವ ಬಡಾವಣೆಗೆ ಯಾವಾಗ ಎಂದು ಹೇಳುವ ಆ್ಯಪ್ ಇದೆ. ಕೆಲವೇ ದಿನಗಳಲ್ಲಿ ಸರಿಹೋಯಿತು. ತ್ರೀ ಫೇಸ್‌ಗಾಗಿ ರಾತ್ರಿ ಕಾದವರಿಗೆ ಇದು ಹೊಸದಲ್ಲ.

ಮನೆಯವರು ಜಾಸ್ತಿ ಹೆದರಿದ್ದು ಅಪರಾಧಕ್ಕೆ. ಭಯ ಸುಳ್ಳಲ್ಲ. ಕತ್ತಲಾದ ಮೇಲೆ ನಾನು ಒಬ್ಬಳೇ ನಡೆಯುವುದಿಲ್ಲ, ಕ್ಯಾಂಪಸ್ಸಿನ ರಾತ್ರಿ ವಾಹನ ಹತ್ತುತ್ತೇನೆ, ರಸ್ತೆಯಲ್ಲಿ ಫೋನ್ ತೆಗೆಯುವುದಿಲ್ಲ. ಲ್ಯಾಬ್‌ನಲ್ಲಿ ತಡವಾದರೆ ಯಾರಾದರೂ ಬಿಟ್ಟುಬರುತ್ತಾರೆ. ಕೋಣೆ ಹುಡುಕುವಾಗ ಬಾಡಿಗೆಯ ಜೊತೆಗೆ ಲ್ಯಾಬ್‌ನಿಂದ ಎಷ್ಟು ದೂರ, ದಾರಿಯಲ್ಲಿ ದೀಪ ಇದೆಯಾ ಎಂದೂ ಕೇಳಿ. ಕಡಿಮೆ ಬಾಡಿಗೆಯ ದೂರದ ಕೋಣೆ ಟ್ಯಾಕ್ಸಿಯಲ್ಲಿ ಸಮ ಆಗಿಬಿಡುತ್ತದೆ.

ಪಾಠ, ಲ್ಯಾಬ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಆದರೆ ಚಹಾ ಹೊತ್ತಿನಲ್ಲಿ, ತೋಟದಲ್ಲಿ ಆಫ್ರಿಕಾನ್ಸ್ ಜಾಸ್ತಿ. ಮೊದಲ ಎರಡು ತಿಂಗಳು ಒಂಟಿ ಅನ್ನಿಸಿತು. ಊಟದಲ್ಲಿ ಒಂದು ಸಮಾಧಾನ ಸಿಕ್ಕಿತು. ಇಲ್ಲಿನ ಅಂಗಡಿಗಳಲ್ಲಿ ಮಬೆಲೆ ಎಂಬ ಹೆಸರಿನಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಕೆಂಪಗೆ, ತರಿತರಿ, ಅವರು ಗಂಜಿ ಮಾಡುತ್ತಾರೆ. ಮಿಕ್ಸಿಯಲ್ಲಿ ಮತ್ತೆ ಬೀಸಿ, ಜರಡಿ ಹಿಡಿದು, ಕುದಿನೀರು ಹಾಕಿ ನಾದಿದರೆ ರೊಟ್ಟಿ ಬರುತ್ತದೆ. ಅಂಚು ಹರಿಯುತ್ತದೆ, ಪರವಾಗಿಲ್ಲ. ಬೇಳೆ, ಮಸಾಲೆಗೆ ಕೇಪ್‌ಟೌನಿನ ರೈಲ್ಯಾಂಡ್ಸ್ ಕಡೆ ಹೋಗುತ್ತೇನೆ, ಅಲ್ಲಿ ಭಾರತ ಮೂಲದವರ ಅಂಗಡಿಗಳಿವೆ.

ಜೂನ್‌ನಿಂದ ಆಗಸ್ಟ್ ಇಲ್ಲಿ ಚಳಿಗಾಲ, ಮಳೆ ಬರುವುದೂ ಆಗಲೇ. ಬೆಟ್ಟದ ತುದಿಯಲ್ಲಿ ಹಿಮ ಬೀಳುತ್ತದೆ. ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಒಳಗೇ ಜಾಸ್ತಿ ಚಳಿ. ದಪ್ಪ ರಗ್ಗು ಬಂದ ಕೂಡಲೇ ಕೊಳ್ಳಿ, ಜೂನ್‌ವರೆಗೆ ಕಾಯಬೇಡಿ. ಜುಲೈಯಲ್ಲಿ ವೆಲ್‌ಗೆವಾಲನ್‌ನಲ್ಲಿ ಚಾಟನಿ ಮಾಡಿದೆವು. ಇಲ್ಲಿ ವರ್ಷಕ್ಕೆ ಒಂದೇ ಚಾಟನಿ, ಯಾಕೆಂದರೆ ಚಳಿಗೆ ಬಳ್ಳಿ ತಾನೇ ಮಲಗುತ್ತದೆ. ನಮ್ಮಲ್ಲಿ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು, ಬಳ್ಳಿಗೆ ನಿದ್ದೆಯೇ ಇಲ್ಲ. ನಾನು ಕೇಳಲು ಬಂದ ಪ್ರಶ್ನೆಯ ಉತ್ತರ ಇಲ್ಲೇ ಎಲ್ಲೋ ಇದೆ ಎಂದು ಆ ವಾರ ಮೊದಲ ಸಲ ಅನ್ನಿಸಿತು. ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವರು ಒಂದು ತಾಸು ಪ್ರಶ್ನೆ ಕೇಳಿದರು, ಕಡ್ಡಿಗೆ ಎಷ್ಟು ಕಣ್ಣು ಬಿಡುತ್ತಾರೆ, ಕತ್ತರಿ ಯಾವುದು, ಕೂಲಿ ಎಷ್ಟು ಎಂದೆಲ್ಲ.

ಕೆಲಸದ ಬಗ್ಗೆ ಹಲವರು ಕೇಳುತ್ತಾರೆ. ಓದುವ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಅದನ್ನು ನಂಬಿ ಹೊರಡಬೇಡಿ. ಇಲ್ಲಿನವರಿಗೇ ಕೆಲಸ ಇಲ್ಲ. ನನಗೆ ಸಿಕ್ಕಿದ್ದು ಪ್ರಾಕ್ಟಿಕಲ್ ತರಗತಿಯಲ್ಲಿ ಸಹಾಯ ಮಾಡುವ ಸಣ್ಣ ಕೆಲಸ, ದಿನಸಿಗೆ ಆಗುತ್ತದೆ, ಬಾಡಿಗೆಗೆ ಆಗುವುದಿಲ್ಲ.

ಎರಡನೇ ವರ್ಷಕ್ಕೆ ಹೋಗುವವರು ಗಮನಿಸಿ, ಮೆಡಿಕಲ್ ಸ್ಕೀಮ್ ಡಿಸೆಂಬರ್‌ಗೆ ಮುಗಿಯುತ್ತದೆ, ಹೊಸ ವರ್ಷದ ಹಣ ಕಟ್ಟಿದ ಪತ್ರ ಇಲ್ಲದೆ ಮರುನೋಂದಣಿ ಇಲ್ಲ. ಊರಿಂದ ಹಣ ಬರುವುದು ತಡವಾಗುತ್ತದೆ, ನವೆಂಬರ್‌ನಲ್ಲೇ ಶುರು ಮಾಡಿ. ವೀಸಾ ವಿಸ್ತರಿಸಬೇಕಾದವರು ಮುಗಿಯುವ ದಿನಕ್ಕೆ ಕನಿಷ್ಠ 60 ದಿನ ಮೊದಲು ಇಲ್ಲಿಯೇ ಅರ್ಜಿ ಹಾಕಬೇಕು, ಆಗ ಪೊಲೀಸ್ ಪತ್ರ, ಹಣದ ಪುರಾವೆ ಎಲ್ಲ ಮತ್ತೆ ಬೇಕಾಗಬಹುದು. ಅದಕ್ಕೇ ಮನೆಯಲ್ಲಿ ಈ ಹಂಗಾಮಿನ ಮಣೂಕ ಪಟ್ಟಿಗಳನ್ನೂ ಎತ್ತಿಡಲು ಹೇಳಿದ್ದೇನೆ, ಪ್ರತಿಯೊಂದರ ಫೋಟೊ ತೆಗೆದು ನನಗೆ ಕಳಿಸಲು ತಮ್ಮನಿಗೆ ಒಪ್ಪಿಸಿದ್ದೇನೆ.